ಮದುವೆಗೆ ಫಾರಿನರ್ ಬರ್ತಾರೆ ಅಂದ್ರೆ ಅವರಿಗೆ ಏನು ಹೇಳ್ಕೊಡಬೇಕು?

ಮೈಸೂರಿನ ಗೋಕುಲಂ, ವಿ.ವಿ. ಮೊಹಲ್ಲಾ ಕಡೆ ಮೇಲ್ಗಡೆ ಮನೆ ಬಾಡಿಗೆಗೆ ಕೊಟ್ಟಿರೋರಿಗೆ ಈ ಫಜೀತಿ ಚೆನ್ನಾಗಿ ಗೊತ್ತಿರುತ್ತೆ. ಅಷ್ಟಾಂಗ ಯೋಗ ಕಲಿಯೋಕೆ ಅಂತ ಬಂದ ಹುಡುಗಿ ಒಂದೆರಡು ತಿಂಗಳು ಮೇಲ್ಗಡೆ ಇರ್ತಾಳೆ, ಅಷ್ಟರಲ್ಲಿ ಮನೇಲಿ ಮಗಳ ಮದುವೆ ಬರುತ್ತೆ, ದಿನಾ ಮೆಟ್ಟಿಲ ಮೇಲೆ ಮುಖ ನೋಡೋರಿಗೆ ಕಾರ್ಡ್ ಕೊಡದೇ ಇರೋಕಾಗಲ್ಲ, ಕೊಟ್ರೆ ಅವಳು ನಿಜವಾಗ್ಲೂ ಬಂದ್ಬಿಡ್ತಾಳೆ, ಅದೂ ಕಾರ್ಡಲ್ಲಿ ಹಾಕಿರೋ ಟೈಮಿಗೆ ಸರಿಯಾಗಿ. ಛತ್ರದಲ್ಲಿ ಆಗಿನ್ನೂ ಸ್ಟೇಜಿಗೆ ಹೂವು ಕಟ್ತಾ ಇರ್ತಾರೆ, ಮನೆಯವರು ಯಾರೂ ಇರಲ್ಲ, ಈ ಹುಡುಗಿ ಸಾವಿರ ಖಾಲಿ ಕುರ್ಚಿ ಮಧ್ಯೆ ಒಬ್ಬಳೇ ಕೂತಿರ್ತಾಳೆ.

ಫಾರಿನರ್ ಅಂದ್ರೆ ಬರೀ ಬಿಳಿಯರು ಅಂದ್ಕೋಬೇಡಿ ಮತ್ತೆ. ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಗೆ ಓದೋಕೆ ಬಂದ ಆಫ್ರಿಕಾ ಕಡೆಯ ಹುಡುಗರು ಇರ್ತಾರೆ, ಕಂಪನಿ ಕೆಲಸದ ಮೇಲೆ ಬಂದೋರು ಇರ್ತಾರೆ, ಮಗ ಅಮೆರಿಕದಿಂದ ಜೊತೇಲಿ ಕರ್ಕೊಂಡು ಬಂದ ಫ್ರೆಂಡ್ಸ್ ಇರ್ತಾರೆ. ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ, ಈಗ ಏನು ನಡೀತಿದೆ? ನಾವು ಶಾಸ್ತ್ರ ಅಂತೀವಿ. ಯಾಕೆ ಅಂದ್ರೆ ಸಂಪ್ರದಾಯ ಅಂತೀವಿ. ಅವರು ತಲೆ ಆಡಿಸ್ತಾರೆ, ನಾವೂ ಆಡಿಸ್ತೀವಿ, ಇಬ್ಬರಿಗೂ ಏನೂ ಗೊತ್ತಾಗಿರಲ್ಲ.

ನನ್ನ ಪ್ರಕಾರ ಅವರಿಗೆ ಮೊದಲು ಹೇಳಬೇಕಾಗಿರೋದು ಮಂತ್ರದ ಅರ್ಥ ಅಲ್ಲ, ಅತಿಥಿ ಕೆಲಸ ಏನು ಅಂತ. ಅವರ ಕಡೆ ಬಹಳಷ್ಟು ಮದುವೇಲಿ ಗಂಡು ಹೆಣ್ಣು ಎಲ್ಲರ ಎದುರು ಪರಸ್ಪರ ಮಾತು ಕೊಡ್ತಾರೆ, ಬಂದೋರು ಉಸಿರು ಬಿಗಿಹಿಡಿದು ನೋಡ್ತಾರೆ. ನಮ್ಮಲ್ಲಿ ನಡೆಯೋದು ಎರಡು ಮನೆಗಳ ಮಧ್ಯೆ ಸಾಲಾಗಿ ಒಂದಾದ ಮೇಲೊಂದು ಕೊಡೋ-ತಗೊಳ್ಳೋ ಕೆಲಸ, ಒಂದಕ್ಕೆ ಸೋದರಮಾವ ಬೇಕು, ಇನ್ನೊಂದಕ್ಕೆ ಹುಡುಗಿ ತಮ್ಮ ಬೇಕು, ಮತ್ತೊಂದಕ್ಕೆ ಮುತ್ತೈದೆಯರು ಬೇಕು. ಅವರವರ ಕೆಲಸ ಬಂದಾಗ ಅವರು ಸ್ಟೇಜ್ ಹತ್ತುತಾರೆ, ಮಿಕ್ಕ ಟೈಮಲ್ಲಿ ಕಾಫಿ ಕುಡೀತಾ ನಿಂತಿರ್ತಾರೆ. ಬಂದ ಜನ ಸಾಕ್ಷಿಗೆ ಬೇಕಾಗಿರೋದು ಕೆಲವೇ ನಿಮಿಷ. ಆ ನಿಮಿಷಗಳು ಯಾವ್ಯಾವುದು ಅಂತ ಹೇಳ್ಕೊಟ್ಬಿಟ್ರೆ ಅರ್ಧ ಗೊಂದಲ ಹೋಗುತ್ತೆ, ಯಾಕಂದ್ರೆ ಫಾರಿನ್ ಅತಿಥಿಗೆ ಅತಿ ಹೆಚ್ಚು ಇರುಸುಮುರುಸಾಗೋದೇ ಪುರೋಹಿತರು ಮಂತ್ರ ಹೇಳ್ತಿರಬೇಕಾದ್ರೆ ಇಡೀ ಹಾಲ್ ಜೋರಾಗಿ ಮಾತಾಡ್ತಿರೋದು ನೋಡಿ. ಇವರಿಗೆಲ್ಲ ಮದುವೆ ಬಗ್ಗೆ ಗೌರವ ಇಲ್ವಾ ಅನ್ಸುತ್ತೆ. ಗೌರವ ಇದೆ ಕಣಪ್ಪ, ನಮ್ಮ ಸರದಿ ಇನ್ನೂ ಬಂದಿಲ್ಲ ಅಷ್ಟೇ.

ಕಾರ್ಡಿಂದಾನೇ ಶುರು ಮಾಡೋಣ. ನಾಲ್ಕು ಮೂಲೆಗೆ ಅರಿಶಿನ, ಮೇಲೆ ಮನೆದೇವರ ಹೆಸರು, ಕೆಳಗೆ ಸುಖಾಗಮನ ಬಯಸುವವರು ಅಂತ ಅರ್ಧ ಊರಿನ ಪಟ್ಟಿ. ಅತಿಥಿ ಗೂಗಲ್ ಟ್ರಾನ್ಸ್‌ಲೇಟ್ ಹಾಕಿ ನೋಡಿ, ಆರತಕ್ಷತೆ ಶನಿವಾರ ಸಂಜೆ, ಮುಹೂರ್ತ ಭಾನುವಾರ ಬೆಳಿಗ್ಗೆ, ಇದು ಪ್ರಿಂಟಿಂಗ್ ಮಿಸ್ಟೇಕಾ ಅಂತ ಕೇಳೇ ಕೇಳ್ತಾರೆ. ಅವರ ಲೆಕ್ಕದಲ್ಲಿ ಮದುವೆ ಮೊದಲು, ಪಾರ್ಟಿ ಆಮೇಲೆ. ನಮ್ಮ ಹಳೇ ಮೈಸೂರು ಕಡೆ ರಿಸೆಪ್ಷನ್ ಹಿಂದಿನ ಸಂಜೇನೇ ಆಗಿಹೋಗುತ್ತೆ, ತಾಳಿ ಕಟ್ಟೋದು ಮಾರನೇ ದಿನ. ಇದಕ್ಕೆ ಕಾರಣ ಏನು ಅಂತ ಕೇಳಿದ್ರೆ ಸುಲಭದ ಉತ್ತರ ಇದೆ. ಮುಹೂರ್ತ ಎಷ್ಟೋ ಸಲ ಬೆಳಿಗ್ಗೇನೇ ಬೀಳೋದ್ರಿಂದ ಗಂಡಿನ ಕಡೆಯವರು ಹಿಂದಿನ ದಿನವೇ ಛತ್ರಕ್ಕೆ ಬಂದು ಇಳೀತಾರೆ, ಅವರನ್ನ ಎದುರುಗೊಂಡು ವರಪೂಜೆ ಮಾಡಬೇಕು, ಹೆಂಗೂ ಎಲ್ಲಾ ನೆಂಟರು ಸೇರಿರ್ತಾರೆ, ಛತ್ರಕ್ಕೂ ಎರಡು ದಿನದ ಬಾಡಿಗೆ ಕಟ್ಟಿರ್ತೀವಿ, ಆಫೀಸಿನೋರಿಗೆ ಸಂಜೆ ಬರೋದೇ ಅನುಕೂಲ. ಹಂಗಾಗಿ ಶನಿವಾರ ರಾತ್ರಿ ಸೋಫಾ ಮುಂದೆ ಜೋಡಿಯಾಗಿ ನಿಂತು ಫೋಟೋ ತೆಗೆಸ್ಕೊಳ್ಳೋರು ಶಾಸ್ತ್ರದ ಪ್ರಕಾರ ಇನ್ನೂ ಗಂಡ ಹೆಂಡತಿ ಅಲ್ಲ. ಇದನ್ನ ಹೇಳಿದ್ರೆ ಅತಿಥಿಗಳಿಗೆ ಸಖತ್ ಮಜಾ ಸಿಗುತ್ತೆ.

ಮುಹೂರ್ತದ ಟೈಮ್ ಯಾಕೆ 9.40 ಅಥವಾ 10.50 ಅಂತ ವಿಚಿತ್ರವಾಗಿರುತ್ತೆ ಅನ್ನೋದಕ್ಕೂ ಉತ್ತರ ಕಷ್ಟ ಇಲ್ಲ. ಪೂರ್ವ ದಿಕ್ಕಲ್ಲಿ ಆ ಹೊತ್ತಿಗೆ ಉದಯ ಆಗ್ತಿರೋ ರಾಶಿಯೇ ಲಗ್ನ. ಹನ್ನೆರಡು ರಾಶಿ, 24 ಗಂಟೆ, ಅಂದ್ರೆ ಒಂದೊಂದು ಲಗ್ನಕ್ಕೆ ಸುಮಾರು ಎರಡು ಗಂಟೆ. ಹುಡುಗ ಹುಡುಗಿ ಜಾತಕಕ್ಕೆ ಹೊಂದೋ ಲಗ್ನ ಹುಡುಕಿ, ರಾಹುಕಾಲ ತಪ್ಪಿಸಿ, ಉಳಿದ ಕಿಂಡೀಲಿ ಪುರೋಹಿತರು ಟೈಮ್ ಕೊಡ್ತಾರೆ. ಹಾಗೇನೇ ಆಷಾಢದಲ್ಲಿ ಮದುವೆ ಇಲ್ಲ, ಜುಲೈ ಸುಮಾರಿಗೆ ರಜಾ ಹಾಕ್ಕೊಂಡು ಇಂಡಿಯನ್ ವೆಡ್ಡಿಂಗ್ ನೋಡ್ಬೇಕು ಅಂತ ಬರೋರಿಗೆ ಮೊದಲೇ ಹೇಳಿಬಿಡಿ, ಆಗ ಬಂದ್ರೆ ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರದ ಕ್ಯೂ ನೋಡಬಹುದು, ಮದುವೆ ಸಿಗೋದು ಕಷ್ಟ.

ಅತಿಥಿನ ಹೋಟೆಲಲ್ಲಿ ಇಳಿಸದೆ ಮನೇಲೇ ಉಳಿಸ್ಕೊಳ್ಳೋ ಯೋಚನೆ ಇದ್ರೆ ಒಂದು ಕಾಗದದ ಕೆಲಸ ಇದೆ, ಬಹಳ ಜನ ಮರೀತಾರೆ. ವಿದೇಶಿಯರು ಬಂದು ತಂಗಿದ 24 ಗಂಟೆಯೊಳಗೆ ಮನೆಯವರು ಆನ್‌ಲೈನಲ್ಲಿ ಮಾಹಿತಿ ಕೊಡಬೇಕು, ಜನ ಇದನ್ನ ಸಿ ಫಾರ್ಮ್ ಅಂತ ಕರೀತಾರೆ. ಹೋಟೆಲಿನೋರು ತಾವೇ ಮಾಡ್ತಾರೆ. ಬಾಡಿಗೆಗೆ ಕೊಟ್ಟಿರೋರಿಗೂ ಇದು ಅನ್ವಯಿಸುತ್ತೆ, ನೆಂಟಸ್ತಿಕೆ ಫ್ರೆಂಡ್‌ಶಿಪ್ಪು ಅಂತ ವಿನಾಯಿತಿ ಇಲ್ಲ.

ಬಟ್ಟೆ ವಿಷಯ. ಸೀರೆ ಉಡ್ತೀನಿ ಅಂತಾರೆ, ಉಡಲಿ, ಆದ್ರೆ ಬೆಳಗ್ಗೆ ಐದು ಗಂಟೆಗೆ ಮನೆ ಹೆಂಗಸರಿಗೆಲ್ಲ ತಮ್ಮ ಸೀರೆ ಉಟ್ಕೊಳ್ಳೋಕೇ ಟೈಮ್ ಇರಲ್ಲ, ಹಾಗಾಗಿ ಉಡಿಸೋಕೆ ಯಾರು ಅಂತ ಹಿಂದಿನ ದಿನವೇ ಗೊತ್ತು ಮಾಡಿ. ಮೈಸೂರು ಸಿಲ್ಕ್ ತಗೊಳ್ಳೋಕೆ ಆಸೆ ಇದ್ರೆ ಮಾನಂದವಾಡಿ ರಸ್ತೆಯ ಕೆಎಸ್‌ಐಸಿ ಅಂದ್ರೆ ಸರ್ಕಾರಿ ರೇಷ್ಮೆ ನಿಗಮದ ಫ್ಯಾಕ್ಟರಿ ಕಡೆ ಕರ್ಕೊಂಡು ಹೋಗಿ, 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾಗಿದ್ದು, ಆದ್ರೆ ಮೊದಲ ಸಲ ಸೀರೆ ಉಡೋರಿಗೆ ಆ ನುಣುಪು ಜಾರುತ್ತೆ, ಸ್ವಲ್ಪ ಗಟ್ಟಿ ಕಾಟನ್-ಸಿಲ್ಕೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಗಂಡಸರಿಗೆ ಸೊಂಟಕ್ಕೆ ಅಂಟಿಸ್ಕೊಳ್ಳೋ ವೆಲ್ಕ್ರೋ ಪಂಚೆ ಸಿಗುತ್ತೆ, ಅದನ್ನ ಕಂಡುಹಿಡಿದೋನಿಗೆ ಪುಣ್ಯ ಬರಲಿ. ಪೂರ್ತಿ ಕಪ್ಪು ಬೇಡ, ಹೆಂಗಸರಿಗೆ ಪೂರ್ತಿ ಬಿಳಿ ಬೇಡ, ಅಷ್ಟು ಹೇಳಿದ್ರೆ ಸಾಕು. ಅಲ್ಲಿಗೆ ಬಿಡಲ್ಲ ಅವರು, ಕಪ್ಪು ಅಶುಭ ಅಂತೀರಾ, ತಾಳಿ ಸರದಲ್ಲಿ ಮಾತ್ರ ಕರಿಮಣಿ ಯಾಕೆ ಅಂತಾರೆ. ಒಳ್ಳೇ ಪ್ರಶ್ನೇನೇ. ದೃಷ್ಟಿ ತಾಗಬಾರದು ಅಂತ ಮಗು ಕೆನ್ನೆಗೆ ಕಪ್ಪು ಬೊಟ್ಟು ಇಡಲ್ವಾ, ಅದೇ ಲೆಕ್ಕ ಅಂತ ಹಿರಿಯರು ಹೇಳ್ತಾರೆ.

ಈಗ ಕವರ್ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಮಂಡ್ಯ ಕಡೆ ಮದುವೆ ಅರ್ಥ ಆಗಬೇಕಾದ್ರೆ ಮುಯ್ಯಿ ಅರ್ಥ ಆಗಬೇಕು. ಅತಿಥಿ ಕೇಳೋದು, ಐನೂರು ರೂಪಾಯಿ ಇಡ್ಲಾ, ಅದರ ಮೇಲೆ ಒಂದು ರೂಪಾಯಿ ಯಾಕೆ, ಕವರಿಗೇ ನಾಣ್ಯ ಅಂಟಿಸಿ ಮಾರ್ತಾರಲ್ಲ ಅದು ಡಿಸೈನಾ ಅಂತ. ದುಂಡು ಮೊತ್ತ ಕೊಟ್ರೆ ಲೆಕ್ಕ ಚುಕ್ತಾ ಆದಂಗೆ, ಒಂದು ರೂಪಾಯಿ ಜಾಸ್ತಿ ಇದ್ರೆ ಸಂಬಂಧ ಮುಂದುವರಿಯುತ್ತೆ, ಅದಕ್ಕೇ 501, 1001. ಹಳ್ಳಿ ಕಡೆ ಮದುವೇಲಿ ಒಬ್ಬರು ನೋಟ್‌ಬುಕ್ ಹಿಡ್ಕೊಂಡು ಕೂತಿರ್ತಾರೆ, ಊರು, ಹೆಸರು, ಮೊತ್ತ ಬರ್ಕೊಳ್ತಾರೆ. ನೋಡೋಕೆ ಬಂದೋರಿಗೆ ಇದು ವಸೂಲಿ ತರ ಕಾಣುತ್ತೆ, ಆದ್ರೆ ಆ ಪುಸ್ತಕ ತಗೊಳ್ಳೋದಕ್ಕಿಂತ ಹೆಚ್ಚಾಗಿ ವಾಪಸ್ ಕೊಡೋಕೆ ಇರೋದು. ಇವತ್ತು ನಮ್ಮನೆ ಮದುವೆಗೆ ನೀವು ಸಾವಿರ ಹಾಕಿದ್ರೆ, ಮೂರು ವರ್ಷ ಆದಮೇಲೆ ನಿಮ್ಮ ಮಗಳ ಮದುವೆಗೆ ನಾವು ಆ ಪುಸ್ತಕ ತೆಗೆದು ನೋಡಿ ಅದರ ಮೇಲೆ ಒಂದಿಷ್ಟು ಸೇರಿಸಿ ಹಾಕ್ತೀವಿ. ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದ ರೈತರ ಮನೇಲಿ ಮದುವೆ ಎದ್ದು ನಿಲ್ತಿದ್ದಿದ್ದೇ ಹೀಗೆ, ಬಡ್ಡಿ ಇಲ್ಲ, ಪತ್ರ ಇಲ್ಲ, ಜಾಮೀನಿಲ್ಲ, ಇರೋದು ಒಂದು ನೋಟ್‌ಬುಕ್ಕು ಮತ್ತೆ ಮಾನ. ಮದುವೆಗೆ ಬಂದು ಹೋಗೋದನ್ನ ನಾವು ಅಷ್ಟು ಸೀರಿಯಸ್ಸಾಗಿ ತಗೊಳ್ಳೋದಕ್ಕೂ, ಅವರು ಬರ್ಲಿಲ್ಲ ನೋಡು ಅಂತ ಹತ್ತು ವರ್ಷ ನೆನಪಿಟ್ಕೊಳ್ಳೋದಕ್ಕೂ ಇದೇ ಕಾರಣ.

ಫಾರಿನ್ ಅತಿಥಿ ಈ ಲೆಕ್ಕದ ಹೊರಗಿರೋರು. ಅವರ ಮದುವೆಗೆ ನಾವು ಮೆಕ್ಸಿಕೋಗೆ ಹೋಗಿ ಮುಯ್ಯಿ ತೀರಿಸೋಕಾಗಲ್ಲ. ಹಂಗಾಗಿ ಅವರು ದೊಡ್ಡ ಮೊತ್ತ ಕೊಟ್ರೆ ಮನೆಯವರಿಗೆ ಮುಜುಗರ ಆಗುತ್ತೆ. ಅವರ ಊರಿಂದ ತಂದ ಏನಾದ್ರೂ ಸಣ್ಣ ಉಡುಗೊರೆ, ಅದರ ಮೇಲೆ ದೊಡ್ಡದಾಗಿ ಹೆಸರು, ಸಾಕು. ಇನ್ನು ಎಷ್ಟೋ ಕಾರ್ಡಲ್ಲಿ ಆಶೀರ್ವಾದವೇ ಉಡುಗೊರೆ ಅಂತ ಹಾಕಿರ್ತಾರೆ, ಅಲ್ಲಿ ನಿಜವಾಗ್ಲೂ ಬರಿಗೈಲಿ ಹೋಗಬಹುದು, ಸ್ಟೇಜ್ ಮೇಲೆ ಕವರ್ ಹಿಡ್ಕೊಂಡು ಬಲವಂತ ಮಾಡೋದು ಬೇಡ ಅಂತ ಅವರಿಗೂ ಹೇಳಿ.

ರಿಸೆಪ್ಷನ್ ದಿನ ಜಾಸ್ತಿ ವಿವರಣೆ ಬೇಕಾಗಲ್ಲ. ಬಾಗಿಲಲ್ಲಿ ಪನ್ನೀರು ಚಿಮುಕಿಸ್ತಾರೆ, ಕಲ್ಲುಸಕ್ಕರೆ ಕೊಡ್ತಾರೆ, ಹೆಂಗಸರಿಗೆ ಅರಿಶಿನ ಕುಂಕುಮ ಹೂವು, ಧೈರ್ಯವಾಗಿ ತಗೊಳ್ಳಿ ಅಂತ ಹೇಳಿ. ಆಮೇಲೆ ಕ್ಯೂ. ಸ್ಟೇಜ್ ಮೇಲೆ ಸಿಗೋದು ಅರ್ಧ ನಿಮಿಷ, ಅದರಲ್ಲಿ ಹುಡುಗನ ಜೊತೆ ಹೆಂಗೆ ಪರಿಚಯ ಆಯ್ತು ಅಂತ ಕಥೆ ಹೇಳೋಕಾಗಲ್ಲ, ಹಿಂದೆ ಇನ್ನೂರು ಜನ ನಿಂತಿರ್ತಾರೆ, ಫೋಟೋಗ್ರಾಫರ್ ಸಾರ್ ಇಲ್ಲಿ ನೋಡಿ ಅಂತಾನೆ, ಮುಗೀತು. ತಬ್ಬಿಕೊಳ್ಳೋದು ಬೇಡ, ಕೈ ಮುಗಿದ್ರೆ ಸಾಕು. ಆದ್ರೆ ನಿಜವಾದ ಸಮಸ್ಯೆ ಸ್ಟೇಜಿಂದ ಇಳಿದ ಮೇಲೆ ಶುರುವಾಗುತ್ತೆ. ಮದುಮಕ್ಕಳಿಗಿಂತ ಜಾಸ್ತಿ ಸೆಲ್ಫಿ ಇವರ ಜೊತೆ ಆಗುತ್ತೆ. ಮೊದಲ ಐದಾರು ಖುಷಿಯಾಗೇ ಇರುತ್ತೆ, ಆಮೇಲೆ ಸುಸ್ತಾಗುತ್ತೆ, ಬೇಡ ಅನ್ನೋಕೂ ಸಂಕೋಚ. ಕರೆದೋರು ನೀವು, ನಿಮ್ಮನೆ ಕಡೆಯ ಒಬ್ಬ ಚುರುಕು ಹುಡುಗನ್ನೋ ಹುಡುಗಿನ್ನೋ ಪೂರ್ತಿ ಅವರ ಜೊತೇಲೇ ಇರೋಕೆ ಬಿಡಿ, ಏನು ನಡೀತಿದೆ ಅಂತ ಹೇಳೋಕೂ ಆಯ್ತು, ಸಾಕು ಬಿಡ್ರಪ್ಪಾ ಅನ್ನೋಕೂ ಆಯ್ತು.

ಇನ್ನು ಬೆಳಗಿನ ವಿಷಯ. ಬ್ರಾಹ್ಮಣರ ಮದುವೆ ಆಗಿದ್ರೆ ಕಾಶಿಯಾತ್ರೆ ಇರುತ್ತೆ, ಮದುಮಗ ಛತ್ರಿ ಕೋಲು ಹಿಡ್ಕೊಂಡು ನಂಗೆ ಸಂಸಾರ ಬೇಡ, ಓದೋಕೆ ಕಾಶಿಗೆ ಹೋಗ್ತೀನಿ ಅಂತ ಛತ್ರದ ಬಾಗಿಲ ಕಡೆ ಹೊರಡ್ತಾನೆ, ಹುಡುಗಿ ಅಪ್ಪ ಹಿಂದೆ ಹೋಗಿ ಒಪ್ಪಿಸಿ ವಾಪಸ್ ಕರ್ಕೊಂಡು ಬರ್ತಾರೆ. ಮೊದಲೇ ಹೇಳಿರದಿದ್ರೆ ಅತಿಥಿ ನಿಜವಾಗ್ಲೂ ಗಾಬರಿಯಾಗಿ ಮದುವೆ ನಿಂತುಹೋಯ್ತಾ ಅಂತ ಕೇಳ್ತಾರೆ. ಒಕ್ಕಲಿಗರ ಮನೆ ಮದುವೆ ಆದ್ರೆ ಹಿಂದಿನ ದಿನಗಳಲ್ಲೇ ಬಹಳಷ್ಟು ಆಗಿರುತ್ತೆ, ಚಪ್ಪರ ಹಾಕೋದು, ಅರಿಶಿನ ಎಣ್ಣೆ ಶಾಸ್ತ್ರ, ಬಳೆ ತೊಡಿಸೋದು, ಅಜ್ಜಿಯರು ಸೋಬಾನೆ ಹೇಳೋದು. ನನ್ನ ಕೇಳಿದ್ರೆ ಫಾರಿನ್ ಅತಿಥಿನ ಎಲ್‌ಇಡಿ ಸ್ಕ್ರೀನ್ ಇರೋ ಹಾಲ್‌ಗಿಂತ ಮೊದಲು ಈ ಚಪ್ಪರದ ದಿನ ಮನೆಗೆ ಕರೀಬೇಕು. ಅಲ್ಲಿ ಜನ ಕಮ್ಮಿ, ಕೂತ್ಕೊಂಡು ನೋಡಬಹುದು, ಕೈಗೆ ಬಳೆ ಬೀಳುತ್ತೆ, ಕೆನ್ನೆಗೆ ಅರಿಶಿನ ಬೀಳುತ್ತೆ, ಯಾರೂ ಫೋಟೋಗೆ ನಿಲ್ಲಿಸಲ್ಲ.

ಮುಹೂರ್ತದ ದಿನ ಅತಿಥಿ ಮಾತು ನಿಲ್ಲಿಸಿ ತಲೆ ಎತ್ತಬೇಕಾದ ಮೊದಲ ಹೊತ್ತು ಅಂತರ್ಪಟ. ಹುಡುಗ ಮಂಟಪದಲ್ಲಿ ನಿಂತಿರ್ತಾನೆ, ಮುಂದೆ ಇಬ್ಬರು ಬಟ್ಟೆ ಹಿಡಿದಿರ್ತಾರೆ, ಸೋದರಮಾವ ಹುಡುಗಿನ ಕರ್ಕೊಂಡು ಬಂದು ಆ ಕಡೆ ನಿಲ್ಲಿಸ್ತಾರೆ. ಬಟ್ಟೆ ಸರಿದ ತಕ್ಷಣ ಇಬ್ಬರೂ ಜೀರಿಗೆ ಬೆಲ್ಲ ಒಬ್ಬರ ತಲೆ ಮೇಲೊಬ್ಬರು ಇಡಬೇಕು, ಯಾರು ಮೊದಲು ಇಡ್ತಾರೋ ಅವರ ಮಾತು ಮನೇಲಿ ನಡೆಯುತ್ತೆ ಅಂತ ತಮಾಷೆ, ಅದಕ್ಕೇ ಹುಡುಗಿ ಕಡೆಯವರು ಅವಳನ್ನ ಎತ್ತಿ ಹಿಡಿಯೋದೂ ಉಂಟು. ಹಿಂದಿನ ಸಂಜೆ ಮೂರು ಗಂಟೆ ಜೊತೇಲಿ ನಿಂತಿದ್ದೋರಿಗೆ ಇವತ್ತು ಮಧ್ಯೆ ಪರದೆ ಯಾಕೆ ಅಂತ ಅತಿಥಿ ಕೇಳಿದ್ರೆ ನಗಬೇಕು ಅಷ್ಟೇ, ಪರದೆ ಹಳೇದು, ರಿಸೆಪ್ಷನ್ ಹೊಸದು.

ಆಮೇಲೆ ಧಾರೆ. ಮೈಸೂರು-ಮಂಡ್ಯ ಕಡೆ ಮದುವೆಯ ತಿರುಳು ಇದು ಅಂತ ನನಗನ್ಸುತ್ತೆ. ಹುಡುಗನ ಕೈಯಲ್ಲಿ ಹುಡುಗಿ ಕೈ, ಅದರ ಮೇಲೆ ತೆಂಗಿನಕಾಯಿ, ಹುಡುಗಿಯ ಅಮ್ಮ ಎರೀತಾರೆ, ಅಪ್ಪ ಕೈ ಹಿಡಿದಿರ್ತಾರೆ, ಹಾಲೋ ನೀರೋ ಆ ಕೈಗಳ ಮೇಲಿಂದ ಕೆಳಗಿನ ಪಾತ್ರೆಗೆ ಬೀಳುತ್ತೆ. ನಮ್ಮ ಕಡೆ ಯಾವುದನ್ನೇ ಪೂರ್ತಿ ಬಿಟ್ಟು ಕೊಡೋವಾಗ, ಹೊಲ ಇರಲಿ ಹಸು ಇರಲಿ, ನೀರು ಬಿಟ್ಟು ಕೊಡೋ ಪದ್ಧತಿ ಇತ್ತು, ಬಿದ್ದ ನೀರನ್ನ ವಾಪಸ್ ತಗೊಳ್ಳೋಕಾಗಲ್ಲ. ಮಗಳನ್ನ ಹಂಗೆ ಕೊಡೋದಾ, ಅವಳೇನು ವಸ್ತುವಾ ಅಂತ ಅತಿಥಿ ಕೇಳಬಹುದು. ಕೇಳಲಿ, ಈಗ ನಮ್ಮ ಮನೆ ಹುಡುಗೀರೂ ಅದನ್ನೇ ಕೇಳ್ತಿದಾರೆ, ಇಲ್ಲ ಅದು ಹಂಗಲ್ಲ ಅಂತ ಸುಳ್ಳು ಸಮಜಾಯಿಷಿ ಕೊಡೋಕೆ ಹೋಗಬೇಡಿ. ಹಳ್ಳಿ ಮದುವೇಲಿ ಅಪ್ಪ ಅಮ್ಮ ಎರೆದ ಮೇಲೆ ನೆಂಟರು, ಊರೋರು ಎಲ್ಲಾ ಸಾಲಾಗಿ ಬಂದು ಒಂದೊಂದು ಚೂರು ಹಾಲು ಎರೀತಾರೆ. ಅತಿಥಿನೂ ಕರೀತಾರೆ, ಕರೆದ್ರೆ ಚಪ್ಪಲಿ ಬಿಟ್ಟು ಹತ್ತಿ, ಬಲಗೈಲಿ ಎರೆದು ಇಳಿದ್ರೆ ಆಯ್ತು. ಹೊರಗಿನೋರು ಬರೀ ನೋಡದೆ ಕೈಯಾರೆ ಮಾಡೋ ಕೆಲಸ ಇಡೀ ಮದುವೇಲಿ ಅಕ್ಷತೆ ಬಿಟ್ರೆ ಇದೊಂದೇ, ತಪ್ಪಿಸ್ಕೊಳ್ಳಬಾರದು.

ತಾಳಿ ಕಟ್ಟೋ ಮುಂಚೆ ತಟ್ಟೇಲಿ ಅಕ್ಷತೆ ಬರುತ್ತೆ. ಅರಿಶಿನ ಹಚ್ಚಿದ ಅಕ್ಕಿ, ಪ್ರಸಾದ ಅಂದ್ಕೊಂಡು ಬಾಯಿಗೆ ಹಾಕ್ಕೊಳ್ಳೋರೂ ಇದಾರೆ, ಆದ್ದರಿಂದ ಮೊದಲೇ ಹೇಳಿಡಿ. ಹಾಕೋದು ಯಾವಾಗ? ಯಾರೋ ಒಬ್ಬರು ಕೈ ಎತ್ತಿ ಗಟ್ಟಿಮೇಳ ಗಟ್ಟಿಮೇಳ ಅಂತ ಕೂಗ್ತಾರೆ, ಅಲ್ಲಿವರೆಗೆ ತೂಕಡಿಸ್ತಿದ್ದ ವಾಲಗದೋರು ಒಮ್ಮೆಲೇ ನಾಗಸ್ವರ ಡೋಲು ಎರಡನ್ನೂ ಕಿವಿ ಕಿತ್ತೋಗೋ ಹಾಗೆ ಬಾರಿಸ್ತಾರೆ, ಮಾತಾಡ್ತಿದ್ದ ಹಾಲ್ ಪೂರ್ತಿ ಎದ್ದು ನಿಲ್ಲುತ್ತೆ. ಆ ಹೊತ್ತಲ್ಲಿ ಸೀನೋ, ಅಪಶಕುನದ ಮಾತೋ ಯಾರ ಕಿವಿಗೂ ಬೀಳಬಾರದು ಅಂತ ಅಷ್ಟು ಗಲಾಟೆ ಅಂತಾರೆ. ಇದೇ ಅತಿಥಿಯ ನಿಮಿಷ. ಇಲ್ಲಿ ಎದ್ದು ನಿಂತು, ಅಕ್ಷತೆ ಹಾಕಿದ್ರೆ ಅವರು ಬಂದ ಕೆಲಸ ಆಯ್ತು. ಹಿಂದಿನ ಸಾಲಿಂದ ಎಸೆದ ಅಕ್ಕಿ ಮದುಮಕ್ಕಳ ತನಕ ಹೋಗಲ್ಲ, ಮುಂದಿನ ಸಾಲಲ್ಲಿ ಕೂತ ದೊಡ್ಡಪ್ಪನ ಬೋಳುತಲೆಗೆ ಬೀಳುತ್ತೆ, ಹಾಗಾಗಿ ಆಮೇಲೆ ಹತ್ತಿರ ಹೋಗಿ ತಲೆ ಮೇಲೆ ಹಾಕೋದೇ ವಾಸಿ. ಇನ್ನೊಂದು, ತಾಳಿ ಕಟ್ಟೋದು ಕಣ್ಣಿಂದ ನೋಡೋಕೆ ಸಿಗಲ್ಲ. ಮೂರು ಕ್ಯಾಮೆರಾದೋರು, ಇಬ್ಬರು ಪುರೋಹಿತರು, ಹದಿನೈದು ಜನ ಅತ್ತೆಯರು ಅಡ್ಡ ನಿಂತಿರ್ತಾರೆ. ಪಕ್ಕದ ಸ್ಕ್ರೀನ್ ನೋಡೋಕೆ ಹೇಳಿ, ನಾವೂ ಅದನ್ನೇ ನೋಡೋದು.

ಇಲ್ಲಿಗೆ ಜನ ಊಟದ ಹಾಲ್ ಕಡೆ ನುಗ್ತಾರೆ, ಮದುವೆ ಮುಗೀತಾ ಅಂದ್ರೆ ಕಾನೂನು ಪ್ರಕಾರ ಎಷ್ಟೋ ಮದುವೇಲಿ ಇನ್ನೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಏಳನೇ ಸೆಕ್ಷನ್ ಹೇಳೋದು, ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ರೂಢಿಯಲ್ಲಿರೋ ಶಾಸ್ತ್ರದ ಪ್ರಕಾರ ಮದುವೆ ಆಗಬೇಕು, ಆ ಶಾಸ್ತ್ರದಲ್ಲಿ ಸಪ್ತಪದಿ ಇದ್ರೆ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ ಆಗುತ್ತೆ ಅಂತ. ಶಾಸ್ತ್ರಾನೇ ಮಾಡದೆ ಬರೀ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಮಾಡಿಸ್ಕೊಂಡ್ರೆ ಈ ಕಾಯ್ದೆ ಕೆಳಗೆ ಅದು ಮದುವೆ ಆಗಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಂಗಾಗಿ ಏಳು ಹೆಜ್ಜೆ ಇಡೋ ಹೊತ್ತಿಗೆ ಅಗ್ನಿ ಮುಂದೆ ಇರೋದು ಪುರೋಹಿತರು, ಮನೆಯವರು, ಮತ್ತೆ ಅತ್ತಿತ್ತ ಹೋಗದೆ ಕೂತಿರೋ ಆ ಒಬ್ಬ ಫಾರಿನರ್ರು. ಎಷ್ಟೋ ಸಲ ನಿಜವಾದ ಸಾಕ್ಷಿ ಅವರೇ ಆಗಿರ್ತಾರೆ, ಮಿಕ್ಕೋರು ಹೋಳಿಗೆಗೆ ಕ್ಯೂ ನಿಂತಿರ್ತೀವಿ.

ಅರುಂಧತಿ ನಕ್ಷತ್ರ ತೋರಿಸೋದನ್ನ ಮಾತ್ರ ತಪ್ಪದೆ ಹೇಳಿ, ಎಲ್ಲರಿಗೂ ಇಷ್ಟ ಆಗುತ್ತೆ. ನಡುಹಗಲಲ್ಲಿ ಹುಡುಗ ಆಕಾಶದ ಕಡೆ ಬೆರಳು ತೋರಿಸ್ತಾನೆ, ಹುಡುಗಿ ಕಾಣಿಸ್ತು ಅಂತಾಳೆ, ಇಬ್ಬರಿಗೂ ಏನೂ ಕಂಡಿರಲ್ಲ. ರಾತ್ರಿ ನೋಡಿದ್ರೆ ಸಪ್ತರ್ಷಿ ಮಂಡಲದ ಬಾಲದಲ್ಲಿ ಮಧ್ಯದ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟ್ಕೊಂಡಂಗೆ ಮಂಕಾಗಿ ಕಾಣೋದು ಅರುಂಧತಿ, ಪಶ್ಚಿಮದವರು ಮೈಜಾರ್ ಮತ್ತೆ ಆಲ್ಕಾರ್ ಅಂತಾರೆ.

ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳೋ ಪ್ರಶ್ನೆಗಳೂ ಇರ್ತವೆ. ವರದಕ್ಷಿಣೆ ಇದೆಯಾ? 1961ರಿಂದ ಕೊಡೋದೂ ತಗೊಳ್ಳೋದೂ ಅಪರಾಧ, ಆದ್ರೂ ಬೇರೆ ಬೇರೆ ಹೆಸರಲ್ಲಿ ನಡೆಯುತ್ತೆ, ಇಲ್ಲ ಅಂತ ಸಾಧಿಸಬೇಡಿ. ಮದುಮಗ ಹುಡುಗಿಯ ಅಮ್ಮನ ತಮ್ಮ ಅಂತ ಗೊತ್ತಾದ್ರೆ ಅವರ ಕಣ್ಣು ಅಗಲ ಆಗುತ್ತೆ. ನಮ್ಮ ಕಡೆ ಸೋದರಮಾವನ್ನೋ ಸೋದರಮಾವನ ಮಗನ್ನೋ ಮದುವೆ ಆಗೋದು ಹಳೇ ರೂಢಿ, ಮಗಳು ಗೊತ್ತಿರೋ ಮನೆಗೇ ಹೋಗ್ತಾಳೆ, ಜಮೀನು ಹೊರಗೆ ಹೋಗಲ್ಲ ಅನ್ನೋ ಲೆಕ್ಕಾಚಾರ, ರೂಢಿ ಇರೋ ಕಡೆ ಕಾನೂನೂ ಒಪ್ಪುತ್ತೆ. ಈಗ ಕಮ್ಮಿ ಆಗ್ತಿದೆ, ಒಳ್ಳೇದೇ ಆಯ್ತು. ಹಾಗೇ ಪುರೋಹಿತರೇ ಇಲ್ಲದ ಮದುವೇನೂ ನಮ್ಮೂರಲ್ಲಿ ಉಂಟು ಅಂತ ಹೇಳಿ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯ, 1966ರಲ್ಲಿ ಮಗ ತೇಜಸ್ವಿ ಅವರ ಮದುವೇನ ಅವರು ಹಂಗೇ ಮಾಡಿದ್ದು. ಮುಹೂರ್ತ ಇಲ್ಲ, ಆಡಂಬರ ಇಲ್ಲ, ಗಂಡು ಹೆಣ್ಣು ಇಬ್ಬರೂ ಕನ್ನಡದಲ್ಲಿ ಪ್ರತಿಜ್ಞೆ ಓದ್ತಾರೆ, ಅರ್ಧ ಗಂಟೇಲಿ ಆಗೋಗುತ್ತೆ. ಫಾರಿನರ್‌ಗೆ ಸಲೀಸಾಗಿ ಅರ್ಥ ಆಗೋ ಕನ್ನಡ ಮದುವೆ ಅಂದ್ರೆ ಅದೇ.

ಈಗ ಊಟ. ಪಂಕ್ತಿ ಏಳೋ ಮುಂಚೇನೇ ಉಣ್ಣೋರ ಕುರ್ಚಿ ಹಿಂದೆ ಹೋಗಿ ನಿಲ್ಲೋದು ನಮಗೆ ಸಹಜ, ಅವರಿಗೆ ಅದು ಘೋರ ಅಸಭ್ಯತೆ. ಅವರನ್ನ ಆ ಯುದ್ಧಕ್ಕೆ ಇಳಿಸಬೇಡಿ, ಮೊದಲೇ ಜಾಗ ಹಿಡಿದು ಕೂರಿಸಿ. ಎಲೆಯ ತುದಿ ಎಡಗಡೆಗೆ, ನೀರು ಚಿಮುಕಿಸಿ ಒರೆಸಬೇಕು, ಉಪ್ಪು ಉಪ್ಪಿನಕಾಯಿ ಕೋಸಂಬರಿ ಪಲ್ಯ ಬಂತು ಅಂತ ಅದನ್ನೇ ತಿಂದು ಹೊಟ್ಟೆ ತುಂಬಿಸ್ಕೋಬಾರದು. ಚಿತ್ರಾನ್ನ ಮುಗಿದ ತಕ್ಷಣ ಸಾಕು ಅಂದ್ರೆ ಕೆಟ್ರು, ಅನ್ನ ತೊವ್ವೆ, ಹುಳಿ, ತಿಳಿಸಾರು, ಹೋಳಿಗೆ, ಮೊಸರನ್ನ ಎಲ್ಲಾ ಇನ್ನೂ ಬಾಕಿ. ತಿಳಿಸಾರಿಗೆ ಅನ್ನದಲ್ಲಿ ಕನ್ನಂಬಾಡಿ ತರ ಕಟ್ಟೆ ಕಟ್ಟೋದನ್ನ ಕಲಿಸಿ, ಇಲ್ಲ ಅಂದ್ರೆ ಸಾರು ಸೀದಾ ಮಡಿಲಿಗೆ ಬರುತ್ತೆ. ಬೇಡ ಅನ್ನಬೇಕಾದ್ರೆ ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ, ಎರಡೂ ಕೈ ಎಲೆಗೆ ಅಡ್ಡ ಹಿಡೀಬೇಕು, ಆದ್ರೂ ಒಂದು ಹೋಳಿಗೆ ಬಿದ್ದೇ ಬೀಳುತ್ತೆ. ಎಡಗೈ ರೂಢಿ ಇರೋರು ಇದ್ರೆ ಒಂದು ಚಮಚ ಕೊಟ್ಬಿಡಿ, ಬಲಗೈಲಿ ತಿನ್ನಿ ಅಂತ ಗೋಳು ಹುಯ್ಕೋಬೇಡಿ.

ಯೋಗದೋರಲ್ಲಿ ವೀಗನ್ ಜಾಸ್ತಿ, ಇದು ಭಾರೀ ಪೇಚು. ನಮ್ಮ ಲೆಕ್ಕದಲ್ಲಿ ವೆಜ್ ಅಂದ್ರೆ ಮುಗೀತು, ಅವರಿಗೆ ತುಪ್ಪ, ಮೊಸರು, ಹಾಲೂ ಆಗಲ್ಲ. ಬಡಿಸೋ ಹುಡುಗ ಕೇಳದೇನೇ ಅನ್ನದ ಮೇಲೆ ತುಪ್ಪ ಸುರೀತಾನೆ. ಕೋಸಂಬರಿ, ಪಲ್ಯ, ಚಿತ್ರಾನ್ನ, ಹಪ್ಪಳ ಸಾಮಾನ್ಯವಾಗಿ ತೊಂದರೆ ಇಲ್ಲ, ಹುಳಿ ಸಾರು ಹೋಳಿಗೆಗೆ ತುಪ್ಪ ಬಿದ್ದಿದೆಯಾ ಅಂತ ಅಡುಗೆ ಭಟ್ಟರನ್ನ ಹಿಂದಿನ ದಿನವೇ ಕೇಳಿ, ಊಟದ ಮಧ್ಯೆ ಕೇಳಿದ್ರೆ ಅವರು ಎಲ್ಲದಕ್ಕೂ ಇಲ್ಲ ಅಂತಾರೆ.

ಮಂಡ್ಯ ಕಡೆ ಮದುವೆ ಆದ್ರೆ ಕಥೆ ಇಲ್ಲಿಗೆ ಮುಗಿಯಲ್ಲ, ಬೀಗರೂಟ ಇರುತ್ತೆ. ಛತ್ರದಲ್ಲಿ ಸಿಹಿಯೂಟ ಉಂಡೋರೆಲ್ಲ ಕೆಲವು ದಿನ ಆದಮೇಲೆ ಶಾಮಿಯಾನ ಕೆಳಗೆ ಬಾಡ್ನೂಟಕ್ಕೆ ಸೇರ್ತಾರೆ, ಎರಡು ಮನೆಯೋರು ಬೀಗರಾಗಿ ಮೊದಲ ಸಲ ಆರಾಮಾಗಿ ಕೂತು ಉಣ್ಣೋದು ಇದೇ. ಮುದ್ದೆ, ಮಟನ್ ಸಾರು, ಬೋಟಿ, ಕೈಮ ಉಂಡೆ, ತಲೆಮಾಂಸ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ತಂದಿದ್ರೆ ಅದರ ಮಾತೇ ಅರ್ಧ ಗಂಟೆ. ಮುದ್ದೆ ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು ಅಂತ ಹೇಳ್ಕೊಡಿ, ಬರದಿದ್ರೆ ಅಗಿಯಲಿ ಬಿಡಿ. ಪೂರ್ವ ಆಫ್ರಿಕಾ ಕಡೆಯ ಅತಿಥಿ ಆದ್ರೆ ಹೇಳ್ಕೊಡೋದೇ ಬೇಡ, ರಾಗಿ ಮೂಲತಃ ಅವರ ಕಡೆಯ ಬೆಳೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಅಂತಾನೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನ ಕೊಟ್ರು. ಆ ಲೆಕ್ಕಕ್ಕೆ ಅವರೂ ಬೀಗರೇ. ಅಲ್ಲಿ ಯಾರಾದ್ರೂ ಎಲೆ ಕಡೆ ಬೆರಳು ಮಾಡಿ ಇನ್ನೊಸಿ ಇಕ್ರಲಾ ಅಂದ್ರೆ ತಡೆಯೋಕೆ ಹೋಗಬೇಡಿ, ಅದು ಸಾಧ್ಯ ಇಲ್ಲ.

ಕೊನೇಗೆ ತಾಂಬೂಲದ ಬ್ಯಾಗು. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಇದನ್ನ ಬೇಡ ಅನ್ನೋ ಹಾಗಿಲ್ಲ, ತಗೊಳ್ಳದೆ ಹೋದ್ರೆ ಮನೆಯೋರಿಗೆ ಬೇಜಾರಾಗುತ್ತೆ, ಆದ್ರೆ ಊರಿಗೂ ತಗೊಂಡು ಹೋಗೋಕಾಗಲ್ಲ. ಬಹಳಷ್ಟು ದೇಶದ ಕಸ್ಟಮ್ಸ್‌ನೋರು ಹಸಿ ಎಲೆ, ಕಾಯಿ ಒಳಗೆ ಬಿಡಲ್ಲ, ನಮ್ಮ ಏರ್‌ಪೋರ್ಟಲ್ಲೂ ಕಾಯಿ ಕೊಬ್ಬರಿ ಅಂದ್ರೆ ತಗಾದೆ. ಬ್ಯಾಗ್ ಇಟ್ಕೊಳ್ಳಲಿ, ಕಾಯಿನ ಕೆಳಗಡೆ ಮನೆಗೆ ಕೊಟ್ರೆ ಮಾರನೇ ದಿನ ಚಟ್ನಿ ಆಗುತ್ತೆ, ದೋಸೆ ಜೊತೆ ಮೇಲ್ಗಡೆಗೂ ಒಂದು ಪಾಲು ಹೋಗುತ್ತೆ.